ಸಾಲ ತೀರಿತು, ಜೂಜು ಬಿಡಲಿಲ್ಲ: ‘ದಿ ಗ್ಯಾಂಬ್ಲರ್’ ಸಿನಿಮಾದ ಎರಡು ರೂಪಗಳು

ನಿನ್ನೆ ಸಂಜೆ ನೀವು 1974ರ ‘ದಿ ಗ್ಯಾಂಬ್ಲರ್’ ನೋಡಿದಿರಿ. ಇವತ್ತು ಮಧ್ಯಾಹ್ನ ಅದೇ ಹೆಸರಿನ 2014ರ ರೀಮೇಕ್ ನೋಡಿದಿರಿ. ಕಥೆ ಹೆಚ್ಚುಕಡಿಮೆ ಒಂದೇ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ಒಬ್ಬ ಮೇಷ್ಟ್ರು. ಒಳ್ಳೆಯ ಮನೆತನ, ಒಳ್ಳೆಯ ಓದು, ಮಾತಿನಲ್ಲಿ ಯಾರಿಗೂ ಸೋಲದವನು. ಜೂಜಾಡಿ ಮೈತುಂಬ ಸಾಲ ಮಾಡಿಕೊಂಡಿದ್ದಾನೆ. ತಾಯಿ ದುಡ್ಡು ಕೊಡುತ್ತಾಳೆ. ಆ ದುಡ್ಡನ್ನೂ ಜೂಜಿಗೇ ಹಾಕುತ್ತಾನೆ. ಕೊನೆಗೆ ಬಾಸ್ಕೆಟ್‌ಬಾಲ್ ಆಡುವ ತನ್ನ ವಿದ್ಯಾರ್ಥಿಯನ್ನೇ ಮೋಸದಾಟಕ್ಕೆ ಒಪ್ಪಿಸಿ ತಲೆ ಉಳಿಸಿಕೊಳ್ಳುತ್ತಾನೆ. ಇಷ್ಟು ಎರಡರಲ್ಲೂ ಇದೆ.

ಆದರೂ ನಿನ್ನೆ ದೀಪ ಹಾಕಿದ ಮೇಲೂ ಇಲ್ಲಿ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಇವತ್ತು ಸಿನಿಮಾ ಮುಗಿಯುತ್ತಿದ್ದಂತೆ ಅರ್ಧ ಜನ ಚಹಾಕ್ಕೆ ಎದ್ದು ಹೋದರು. ಹೀಗೆ ಯಾಕಾಯಿತು ಅನ್ನುವುದೇ ನನ್ನ ವಿಷಯ. ಇದು ಸಿನಿಮಾದ ವಿಷಯ ಮಾತ್ರ ಅಲ್ಲ ಅಂತ ನನಗೆ ಅನ್ನಿಸಿದೆ. ಅದಕ್ಕೇ ಬಂದಿದ್ದೇನೆ.

ರೀಮೇಕ್ ಅಂದ ಕೂಡಲೇ ಮೂಗು ಮುರಿಯುವ ಜನ ಇದ್ದಾರೆ. ನಾನು ಆ ಪೈಕಿ ಅಲ್ಲ. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ನೋಡಿದವರು ಯಾರೂ ಆ ಮಾತು ಆಡಲಾರರು. ಇಲ್ಲೇ ಆಗಿನ ಗೋಕಾಕ ತಾಲ್ಲೂಕಿನ ಕುಲಗೋಡ ತಮ್ಮಣ್ಣನ ಹೆಸರಿನ ಜೊತೆ ಬೆಳೆದು ಬಂದ ಆಟ ಅದು. ಸತ್ಯಭಾಮೆಯ ಸೊಕ್ಕು ಇಳಿಯುತ್ತದೆ ಅಂತ ಎದುರಿಗೆ ಕೂತ ಮಗುವಿಗೂ ಗೊತ್ತು. ಆದರೂ ಕೌಜಲಗಿ ನಿಂಗಮ್ಮನಂಥವರು ಹಾಡುತ್ತಾರೆ ಅಂದರೆ ಜನ ಮತ್ತೆ ಮತ್ತೆ ಹೋಗಿ ಬೆಳತನಕ ಕೂಡುತ್ತಿದ್ದರು. ಅದೇ ಕಥೆ, ಅದೇ ಸಾಲು. ಹಾಡುವವರಿಗೆ ಆ ಸೊಕ್ಕು ಏನು ಅಂತ ಗೊತ್ತಿದ್ದರೆ ಅದು ಪ್ರತಿ ಸಲವೂ ಹೊಸದಾಗುತ್ತದೆ.

2014ರ ತಂಡವೂ ಸಾಮಾನ್ಯದ್ದಲ್ಲ. ಚಿತ್ರಕಥೆ ಬರೆದವರು ವಿಲಿಯಂ ಮೊನಹನ್. ಹಾಂಗ್‌ಕಾಂಗಿನ 2002ರ ಸಿನಿಮಾವೊಂದನ್ನು ಬಾಸ್ಟನ್ ಊರಿಗೆ ತಂದು 2006ರಲ್ಲಿ ‘ದಿ ಡಿಪಾರ್ಟೆಡ್’ ಬರೆದವರು ಅವರೇ. ಅದಕ್ಕೆ ಅವರಿಗೆ ಆಸ್ಕರ್ ಬಂತು. ಅಂದರೆ ರೀಮೇಕ್ ಬರೆಯುವುದು ಹೇಗೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ನಿರ್ದೇಶಕ ರೂಪರ್ಟ್ ವಾಯಟ್ 2011ರಲ್ಲಿ ‘ಪ್ಲಾನೆಟ್ ಆಫ್ ದಿ ಏಪ್ಸ್’ ಅನ್ನುವ ವಾನರರ ಹಳೆಯ ಸಿನಿಮಾ ಸರಣಿಗೆ ಹೊಸ ಜೀವ ಕೊಟ್ಟವರು. ತಾಯಿಯಾಗಿ ಜೆಸಿಕಾ ಲ್ಯಾಂಗ್, ಸಾಲ ಕೊಡುವವನಾಗಿ ಜಾನ್ ಗುಡ್‌ಮನ್. ಮಾರ್ಕ್ ವಾಲ್‌ಬರ್ಗ್ ಮೇಷ್ಟ್ರ ಪಾತ್ರಕ್ಕಾಗಿ ಸುಮಾರು 27 ಕೆಜಿ ತೂಕ ಇಳಿಸಿದರು. ಮೊದಲ ಸಿನಿಮಾಕ್ಕೆ ದುಡ್ಡು ಹಾಕಿದ ಇರ್ವಿನ್ ವಿಂಕ್ಲರ್ ಇದಕ್ಕೂ ನಿರ್ಮಾಪಕ. ದುಡಿಮೆ ಕಡಿಮೆ ಇಲ್ಲ, ಪ್ರತಿಭೆ ಕಡಿಮೆ ಇಲ್ಲ. ಹಾಗಿದ್ದರೆ ಕೆಟ್ಟಿದ್ದು ಎಲ್ಲಿ?

ಮೊದಲ ಸಿನಿಮಾ ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಬರೆದವನು ಜೇಮ್ಸ್ ಟೋಬ್ಯಾಕ್. ಅದು ಅವನ ಮೊದಲ ಚಿತ್ರಕಥೆ. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ, ಜೂಜೂ ಆಡುತ್ತಿದ್ದ. ಪರದೆ ಮೇಲಿನ ಆಕ್ಸೆಲ್ ಫ್ರೀಡ್ ಬಹಳ ಮಟ್ಟಿಗೆ ಅವನೇ. ನಿರ್ದೇಶಕ ಕಾರೆಲ್ ರೈಸ್. ಇವರ ಬಗ್ಗೆ ಒಂದು ಮಾತು, ವಿಷಯ ಸ್ವಲ್ಪ ಬಿಟ್ಟು ಹೋಗುತ್ತೇನೆ. ರೈಸ್ ಹುಟ್ಟಿದ್ದು ಚೆಕೊಸ್ಲೊವಾಕಿಯಾದ ಯಹೂದಿ ಮನೆಯಲ್ಲಿ. ಎರಡನೇ ಮಹಾಯುದ್ಧ ಶುರುವಾಗುವ ಮೊದಲು ನಿಕೊಲಸ್ ವಿಂಟನ್ ಅನ್ನುವವರು 669 ಮಕ್ಕಳನ್ನು ರೈಲು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರಲ್ಲ, ಆ ಮಕ್ಕಳಲ್ಲಿ ಇವರೂ ಒಬ್ಬರು. ತಂದೆತಾಯಿ ಆಶ್ವಿಟ್ಸ್‌ನಲ್ಲಿ ತೀರಿಕೊಂಡರು. ಜೀವ ಉಳಿಯುವುದು, ಹೋಗುವುದು ಅಂದರೆ ಏನು ಅಂತ ತಿಳಿದಿದ್ದ ಮನುಷ್ಯ, ಬೇಕಂತಲೇ ಜೀವ ಪಣಕ್ಕಿಡುವ ಒಬ್ಬ ಸುಖವಂತನ ಕಥೆ ತೆಗೆದ. ಆ ಸಿನಿಮಾದಲ್ಲಿ ಎಲ್ಲೂ ಜೂಜಿನ ಟೇಬಲ್ಲನ್ನು ಚಂದ ಮಾಡಿ ತೋರಿಸಿಲ್ಲ, ಗಮನಿಸಿದಿರಾ?

ಇಬ್ಬರ ಹಿಂದೆಯೂ ರಷ್ಯಾದ ಕಾದಂಬರಿಕಾರ ದೊಸ್ತೊಯೆವ್‌ಸ್ಕಿ ಇದ್ದಾನೆ. 1865ರಲ್ಲಿ ಆತ ಒಬ್ಬ ಪ್ರಕಾಶಕನಿಗೆ ಕೆಟ್ಟ ಕರಾರು ಬರೆದುಕೊಟ್ಟಿದ್ದ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ 9 ವರ್ಷ ಅವನ ಬರಹವೆಲ್ಲ ಆ ಪ್ರಕಾಶಕನ ಪಾಲು. ಅನ್ನಾ ಅನ್ನುವ ಹುಡುಗಿಯನ್ನು ಶೀಘ್ರಲಿಪಿಗೆ ಕರೆಸಿ, ಬಾಯಲ್ಲಿ ಹೇಳಿ 26 ದಿನದಲ್ಲಿ ‘ಜೂಜುಕೋರ’ ಮುಗಿಸಿದ. ಮುಂದೆ ಅವಳನ್ನೇ ಮದುವೆಯಾದ. ಜೂಜಿನ ಸಾಲದಲ್ಲಿ ಮುಳುಗಿದ್ದವನು ಜೂಜಿನ ಕಥೆಯನ್ನೇ ಪಣಕ್ಕಿಟ್ಟು ಪಾರಾದ. ಆ ಕಾದಂಬರಿಯ ಕೊನೆಯ ಪುಟಕ್ಕೆ ಆಮೇಲೆ ಬರುತ್ತೇನೆ. ನನ್ನ ಇಡೀ ವಾದ ನಿಂತಿರುವುದು ಅಲ್ಲಿ.

ಈಗ ನಮ್ಮ ಊರಿಗೆ ಬರೋಣ. ನ್ಯೂಯಾರ್ಕಿನ ಮೇಷ್ಟ್ರ ಕಥೆ ಬೆಳಗಾವಿಗೆ ಯಾಕೆ ಅಂತ ಒಬ್ಬರು ಬಾಗಿಲಲ್ಲೇ ಕೇಳಿದರು. ನಮ್ಮ ಓಸಿ ಮಟ್ಕಾದ ಬೇರು ಹಿಡಿದು ಹೋದರೆ ಸಿಗುವುದು ನ್ಯೂಯಾರ್ಕೇ. ಅಲ್ಲಿನ ಹತ್ತಿ ಪೇಟೆಯ ಓಪನ್ ದರ, ಕ್ಲೋಸ್ ದರ ತಂತಿ ಮೂಲಕ ಮುಂಬೈಗೆ ಬರುತ್ತಿತ್ತು. ಜನ ಆ ಅಂಕಿಗಳ ಮೇಲೆ ರೊಕ್ಕ ಹಚ್ಚುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಿತು. 1962ರಲ್ಲಿ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ಮುಂಬೈಯಲ್ಲೇ ಅಂಕಿ ತೆಗೆಯಲು ಶುರು ಮಾಡಿದರು. ಮುಂಬೈಗೆ ದಿನಾ ಬಸ್ಸು ಓಡುವ ನಮ್ಮ ಜಿಲ್ಲೆಗಳಿಗೆ ಅದು ಬರಲು ತಡವಾಗಲಿಲ್ಲ. ‘ಕಲ್ಯಾಣ ಏನ್ ಬಂತು?’ ಅನ್ನುವ ಮಾತು ಚಹಾದಂಗಡಿಯಲ್ಲಿ ಕೇಳದವರು ಇಲ್ಲಿ ಯಾರಿದ್ದೀರಿ? ರಾತ್ರಿ ಕನಸಿನಲ್ಲಿ ಹಾವು ಕಂಡರೆ ಒಂದು ಅಂಕಿ, ಹೆಣ ಕಂಡರೆ ಇನ್ನೊಂದು ಅಂಕಿ.

ಚೋರ್ಲಾ ಘಾಟ್ ಇಳಿದರೆ ಪಣಜಿ. ಮಾಂಡೋವಿ ನದಿಯಲ್ಲಿ ದೀಪ ಹಚ್ಚಿಕೊಂಡು ನಿಂತ ಕ್ಯಾಸಿನೊ ಹಡಗುಗಳು. ಶನಿವಾರ ಹೋಗಿ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬಂದು ಕೂತವರನ್ನು ನಾನು ನೋಡಿದ್ದೇನೆ. ಆಮೇಲೆ ಬಂದಿದ್ದು ಫೋನು. ಅದಕ್ಕೆ ಘಾಟೂ ಇಳಿಯಬೇಕಿಲ್ಲ.

ಕಾನೂನು ಇಲ್ಲ ಅಂತಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಜೂಜಿಗೆ ಶಿಕ್ಷೆ ಇದೆ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಇವೆಲ್ಲ ಬೇಕು. ನಾನು ಇವತ್ತು ಮಾತಾಡುತ್ತಿರುವುದು ಅಂಗಡಿ ಮುಚ್ಚಿದ ಮೇಲೂ ಒಳಗೆ ಉಳಿಯುವ ಒಂದು ವಸ್ತುವಿನ ಬಗ್ಗೆ.

ಒಂದು ಮನೆಯ ಕಥೆ ಹೇಳುತ್ತೇನೆ. ಹುಕ್ಕೇರಿ ಕಡೆಯವರು. ಹೆಸರು ಬೇಡ, ಅವರ ಸಂಬಂಧಿಕರು ಇಲ್ಲೂ ಇರಬಹುದು. ಮನೆಯ ಹಿರಿಮಗ ಓದಿದವನು, ನೌಕರಿ ಇತ್ತು. ಇಸ್ಪೀಟಿನಿಂದ ಶುರುವಾಗಿ ಕ್ರಿಕೆಟ್ ಬೆಟ್ಟಿಂಗಿಗೆ ಬಂದಿತ್ತು. ಸಾಲಗಾರರು ಮನೆಗೆ ಬರಲು ಶುರು ಮಾಡಿದರು. ಅಣ್ಣತಮ್ಮಂದಿರು, ಕಾಕಾ, ಸೋದರಮಾವ ಎಲ್ಲ ಕೂತು ಮಾತಾಡಿದರು. ಕಬ್ಬಿನ ಹೊಲದಲ್ಲಿ ಒಂದು ತುಂಡು ಮಾರಿ ಎಲ್ಲರ ಬಾಕಿ ಮುಟ್ಟಿಸಿದರು. ಅವನನ್ನು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಿ ಆಣೆ ಮಾಡಿಸಿದರು. ಅವನೂ ಅತ್ತ. ‘ಕಾಕಾ, ಇದ ಕಡೀದು, ಇನ್ನ ಮುಟ್ಟೂದಿಲ್ಲ’ ಅಂದ. ಸುಳ್ಳು ಹೇಳಲಿಲ್ಲ ಅವನು. ಆ ಗಳಿಗೆಯಲ್ಲಿ ಅವನಿಗೆ ಹಾಗೇ ಅನ್ನಿಸಿತ್ತು.

ಎಷ್ಟೋ ತಿಂಗಳ ಮೇಲೆ ಅವನ ಹೆಂಡತಿ ನನ್ನ ಹತ್ತಿರ ಒಂದು ಮಾತು ಹೇಳಿದರು. ‘ಸರ್, ಸಾಲ ಇದ್ದಾಗ ಅಂಜಿಕಿಯರ ಇತ್ರಿ. ಸಾಲ ತೀರಿದ ಮ್ಯಾಲ ಅದೂ ಹೋತು.’

ಈ ಮಾತು ನನ್ನ ತಲೆಯಿಂದ ಹೋಗಿಲ್ಲ. ಸಾಲ ತೀರುವುದು ಬೇರೆ, ಜೂಜು ಬಿಡುವುದು ಬೇರೆ. 1974ರ ಸಿನಿಮಾಕ್ಕೆ ಇದು ಗೊತ್ತು. 2014ರ ಸಿನಿಮಾಕ್ಕೆ ಗೊತ್ತಿಲ್ಲ. ನಾನು ಹೇಳಬೇಕು ಅಂತ ಬಂದಿದ್ದು ಇಷ್ಟೇ. ಉಳಿದಿದ್ದನ್ನು ಸಿನಿಮಾದಲ್ಲೇ ನೋಡೋಣ.

ಮೊದಲು ಪಾಠದ ದೃಶ್ಯಗಳು. ನಾನೂ ಇಂಗ್ಲಿಷ್ ಪಾಠ ಹೇಳುವವನು, ಹಾಗಾಗಿ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಆಕ್ಸೆಲ್ ತರಗತಿಯಲ್ಲಿ ದೊಸ್ತೊಯೆವ್‌ಸ್ಕಿ ಪಾಠ ಮಾಡುತ್ತಾನೆ. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಅಂತ ಬುದ್ಧಿ ಹೇಳುತ್ತದೆ, ಆದರೆ ಮನುಷ್ಯನಿಗೆ ಐದು ಅನ್ನುವ ಹಟ ಇರುತ್ತದೆ ಅನ್ನುವ ಮಾತು. ಆಕ್ಸೆಲ್ ಪಾತ್ರ ಮಾಡಿದ ಜೇಮ್ಸ್ ಕಾನ್ ಅದನ್ನು ಎಷ್ಟು ಚಂದ ಹೇಳುತ್ತಾರೆ ನೋಡಿ. ಕಣ್ಣು ಹೊಳೆಯುತ್ತದೆ. ಮುಂದೆ ಕೂತ ಹುಡುಗರು ಬರೆದುಕೊಳ್ಳುತ್ತಾರೆ. ನಮಗೆ ಮಾತ್ರ ಗೊತ್ತು, ಆತ ತನ್ನ ರೋಗವನ್ನೇ ತತ್ವ ಮಾಡಿ ಕಲಿಸುತ್ತಿದ್ದಾನೆ ಅಂತ. ಅಷ್ಟು ಓದಿದವನಿಗೆ ಓದೇ ನೆಪವಾಗಿದೆ. ಜಾಣರ ಜೂಜು ಇನ್ನೂ ಕಷ್ಟದ್ದು, ಯಾಕೆಂದರೆ ಅವರ ಹತ್ತಿರ ಒಳ್ಳೊಳ್ಳೆಯ ಕಾರಣಗಳಿರುತ್ತವೆ. ನಮ್ಮ ಹುಕ್ಕೇರಿಯ ಹುಡುಗನೂ ಕ್ರಿಕೆಟ್ಟಿನ ಅಂಕಿಅಂಶ ಬಾಯಿಪಾಠ ಮಾಡಿದ್ದ.

ರೀಮೇಕಿನ ಮೇಷ್ಟ್ರು ಜಿಮ್ ಬೆನೆಟ್ ಏನು ಮಾಡುತ್ತಾನೆ? ಷೇಕ್ಸ್‌ಪಿಯರ್ ನಾಟಕ ಬರೆದವರು ಯಾರು ಅನ್ನುವ ಹಳೆಯ ಜಗಳ ಎತ್ತುತ್ತಾನೆ. ಪ್ರತಿಭೆ ಹುಟ್ಟಿನಿಂದ ಬರಬೇಕು, ನಿಮಗಿಲ್ಲ ಅಂತ ಇಡೀ ತರಗತಿಯನ್ನು ಜರೆಯುತ್ತಾನೆ. ಒಬ್ಬ ಹುಡುಗಿಯನ್ನು ಮಾತ್ರ ಎತ್ತಿ ಹಿಡಿಯುತ್ತಾನೆ. ಮಾತು ಚುರುಕಾಗಿದೆ, ಒಪ್ಪುತ್ತೇನೆ. ಮೊನಹನ್ ಕೈಗೆ ಮಾತು ಯಾವತ್ತೂ ಕೈಕೊಟ್ಟಿಲ್ಲ. ಆದರೆ ಇದಕ್ಕೂ ಜೂಜಿಗೂ ಏನು ಸಂಬಂಧ? ಸಿನಿಮಾ ಕೊಡುವ ಉತ್ತರ ಇಷ್ಟು: ಇವನು ದೊಡ್ಡ ಲೇಖಕನಾಗಲಿಲ್ಲ, ಅದಕ್ಕೇ ಬೇಸರ, ಬೇಸರಕ್ಕೆ ಜೂಜು. ಅಂದರೆ ಬೇಸರ ಹೋದರೆ ಜೂಜೂ ಹೋಗಬೇಕು. ಅಲ್ಲೇ ಸಿನಿಮಾ ತಪ್ಪು ದಾರಿ ಹಿಡಿಯಿತು.

ವಾಲ್‌ಬರ್ಗ್ ಮುಖ ನೆನಪು ಮಾಡಿಕೊಳ್ಳಿ. ಗೆದ್ದಾಗಲೂ ಸೋತಾಗಲೂ ಒಂದೇ ಮುಖ. ಎಲೆ ಬೀಳುವಾಗ ಕಣ್ಣೂ ಅಲುಗುವುದಿಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ, ಅವನಿಗೆ ಜೂಜಿನ ಹುಚ್ಚಿಲ್ಲ, ಎಲ್ಲ ಕಳೆದುಕೊಳ್ಳುವ ಹುಚ್ಚು ಅಂತ. ಅದನ್ನು ಬರೀ ಕಾಗದದಲ್ಲಿ ಓದಿದರೆ ಸರಿ ಅನ್ನಿಸಬಹುದು. ಪರದೆ ಮೇಲೆ ಏನಾಗುತ್ತದೆ? ಅವನಿಗೇ ಬೇಕಿಲ್ಲದ್ದು ನಮಗೆ ಯಾಕೆ ಬೇಕು?

ಈಗ ಜೇಮ್ಸ್ ಕಾನ್ ಲಾಸ್ ವೇಗಸ್‌ನಲ್ಲಿ ಆಡುವ ದೃಶ್ಯ. ಬ್ಲ್ಯಾಕ್‌ಜ್ಯಾಕ್ ಆಟ. 21 ದಾಟಬಾರದು. ಕೈಯಲ್ಲಿ 18 ಇದೆ. ತಲೆ ಸರಿ ಇದ್ದವರು ಯಾರೂ ಅಲ್ಲಿ ಇನ್ನೊಂದು ಎಲೆ ಕೇಳುವುದಿಲ್ಲ. ಒಂದು, ಎರಡು, ಮೂರು ಬಿಟ್ಟು ಬೇರೆ ಯಾವ ಎಲೆ ಬಂದರೂ ಸತ್ತ. ಅವನು ಕೇಳುತ್ತಾನೆ. ಮೂರೇ ಕೊಡು ಅಂತ ಕೇಳುತ್ತಾನೆ. 13ಕ್ಕೆ ಒಂದು ಅವಕಾಶ. ಮೂರೇ ಬರುತ್ತದೆ! ಆಗ ಅವನ ಮುಖ ನೋಡಿದಿರಲ್ಲ. ದುಡ್ಡು ಬಂದ ಖುಷಿ ಅಲ್ಲ ಅದು. ಜಗತ್ತು ತನ್ನ ಮಾತು ಕೇಳಿತು ಅನ್ನುವ ಖುಷಿ. ಒಂದು ಸಲ ಆ ರುಚಿ ಹತ್ತಿದವನು ಸಂಬಳ ಎಣಿಸಿಕೊಂಡು ಹೇಗೆ ಬದುಕಬೇಕು? ಈ ದೃಶ್ಯ ನೋಡುವಾಗ ನಮಗೂ ಒಂದು ಗಳಿಗೆ ಮೈ ಜುಂ ಅನ್ನುತ್ತದೆ. ಅನ್ನಲೇಬೇಕು. ಅವನಿಗೆ ಅದು ಎಷ್ಟು ಬೇಕು ಅಂತ ತಿಳಿಯದೆ ಅವನ ಮೇಲೆ ತೀರ್ಪು ಕೊಡುವ ಹಕ್ಕು ನಮಗಿಲ್ಲ.

ಗೆದ್ದಿದ್ದನ್ನೆಲ್ಲ ಬಾಸ್ಕೆಟ್‌ಬಾಲ್ ಪಂದ್ಯಗಳ ಮೇಲೆ ಹಾಕಿ ಕಳೆಯುತ್ತಾನೆ. ಆಮೇಲೆ ಹಿಪ್ಸ್ ಅನ್ನುವ ಬುಕ್ಕಿಯ ಜೊತೆ ಅವನ ಮಾತು ಬರುತ್ತದೆ. ಪಾಲ್ ಸೊರ್ವಿನೊ ಆ ಪಾತ್ರ ಮಾಡಿದ್ದಾರೆ. ತಾನು ಜನ್ಮದಲ್ಲಿ ಒಂದು ಪಣ ಕಟ್ಟಿದವನಲ್ಲ ಅನ್ನುತ್ತಾನೆ ಬುಕ್ಕಿ. ತನ್ನ ಗಿರಾಕಿಗಳೆಲ್ಲ ಸೋಲಲಿಕ್ಕೇ ಬರುತ್ತಾರೆ ಅನ್ನುತ್ತಾನೆ. ಆಕ್ಸೆಲ್ ಅದನ್ನು ಅಲ್ಲಗಳೆಯುವುದೇ ಇಲ್ಲ. ಖಾತ್ರಿ ಇರುವ ಪಂದ್ಯಗಳ ಮೇಲೆ ಮಾತ್ರ ಕಟ್ಟಿ ಗೆಲ್ಲಬಹುದಿತ್ತು, ಅದರಲ್ಲಿ ಸ್ವಾರಸ್ಯ ಇಲ್ಲ ಅನ್ನುತ್ತಾನೆ. ಇಬ್ಬರೂ ಸ್ನೇಹಿತರ ಹಾಗೆ ಮಾತಾಡುತ್ತಾರೆ. ಬೆದರಿಕೆ ಇಲ್ಲ, ಅಬ್ಬರ ಇಲ್ಲ. ಇಡೀ ಸಿನಿಮಾದಲ್ಲಿ ನನಗೆ ಅತಿ ಭಯ ಹುಟ್ಟಿಸಿದ ಜಾಗ ಇದು.

ಎಲ್ಲ ಪಣವೂ ರೋಗ ಅಂತ ನಾನು ಹೇಳುತ್ತಿಲ್ಲ, ಅದು ಸ್ಪಷ್ಟ ಇರಲಿ. ಪಂಚಮಿಗೆ ವಿಜಯಪುರ, ಬಾಗಲಕೋಟೆ ಹಳ್ಳಿಗಳಲ್ಲಿ ನಿಂಬೆಹಣ್ಣು ಒಗೆಯುವ ಪಣ ಕಟ್ಟುತ್ತಾರೆ. ಇಂತಿಷ್ಟು ಒಗೆತದಲ್ಲಿ ಆ ಗುಡಿ ಮುಟ್ಟಿಸಬೇಕು ಅಂತ. ಊರಿಗೆ ಊರೇ ಹಿಂದೆ ಓಡುತ್ತದೆ. ದೀಪಾವಳಿಗೆ ಮನೆಯಲ್ಲೇ ಇಸ್ಪೀಟು ಆಡುವವರೂ ಇದ್ದಾರೆ. ಹಬ್ಬ ಮುಗಿಯಿತು, ಆಟ ಮುಗಿಯಿತು. ಮುಗಿಯದೇ ಇರುವುದು ರೋಗ. ವೈದ್ಯರು ಇದಕ್ಕೆ ಲಕ್ಷಣ ಗುರುತಿಸಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 1980ರಲ್ಲಿ ಇದು ಮೊದಲು ಸೇರಿತು. 2013ರ ಆವೃತ್ತಿಯಲ್ಲಿ ಇದನ್ನು ಕುಡಿತ, ಮಾದಕ ವಸ್ತುಗಳ ಚಟದ ಸಾಲಿಗೇ ತಂದರು. ಅಲ್ಲಿ ಒಂಬತ್ತು ಲಕ್ಷಣ ಹೇಳಿದ್ದಾರೆ. ಕಳೆದಿದ್ದನ್ನು ಮರಳಿ ಗಳಿಸಲು ಮರುದಿನ ಮತ್ತೆ ಹೋಗುವುದು ಒಂದು. ಕುತ್ತಿಗೆ ಹಿಡಿದ ಸಾಲದಿಂದ ಬಿಡಿಸಿಕೊಳ್ಳಲು ಬೇರೆಯವರ ದುಡ್ಡು ನೆಚ್ಚುವುದು ಇನ್ನೊಂದು. ಅಂದರೆ ನಾವು ಯಾವುದನ್ನು ಪರಿಹಾರ ಅಂದುಕೊಂಡು ಹೊಲ ಮಾರುತ್ತೇವೋ, ವೈದ್ಯರ ಪಟ್ಟಿಯಲ್ಲಿ ಅದು ರೋಗದ ಲಕ್ಷಣ. ಈ ಮಾತು ಮನೆಯ ಹಿರಿಯರಿಗೆ ತಲುಪಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರ ಏನಲ್ಲ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ದುಡ್ಡಿಲ್ಲದೆ ಕನ್ನಡದಲ್ಲಿ ಮಾತಾಡುತ್ತಾರೆ. ಬೇಕಾದವರು ಬರೆದುಕೊಳ್ಳಿ, ನಾನು ನಿಲ್ಲುತ್ತೇನೆ.

ಈಗ ತಾಯಿ. 1974ರಲ್ಲಿ ತಾಯಿ ಡಾಕ್ಟರು. ಜಾಕ್ವೆಲಿನ್ ಬ್ರೂಕ್ಸ್ ಆ ಪಾತ್ರ ಮಾಡಿದ್ದಾರೆ. ಮಗನ ಸಾಲ 44,000 ಡಾಲರ್. ಆ ಕಾಲಕ್ಕೆ ದೊಡ್ಡ ಮೊತ್ತ. ಅವಳು ಅವನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗುತ್ತಾಳೆ. ತನ್ನದೇ ದುಡ್ಡು ತೆಗೆಯಲು ಒಬ್ಬ ಕಿರಿಯ ಅಧಿಕಾರಿಯ ಮುಂದೆ ಕೂರಬೇಕು, ಗುರುತು ತೋರಿಸಬೇಕು. ಆ ಹುಡುಗ ಯಾರು ಗೊತ್ತಾ? ಆಗಿನ್ನೂ ಹೆಸರು ಮಾಡಿರದ ಜೇಮ್ಸ್ ವುಡ್ಸ್. ಅಂಥ ಗೌರವಸ್ಥ ಹೆಂಗಸು ಆ ಮೇಜಿನ ಮುಂದೆ ಸಣ್ಣವಳಾಗುತ್ತಾಳೆ. ಮಗ ಪಕ್ಕದಲ್ಲೇ ಇದ್ದಾನೆ, ಅಧಿಕಾರಿಯ ಮೇಲೆ ರೇಗುತ್ತಾನೆ. ತಾಯಿಗೆ ಅವಮಾನ ಆಯಿತು ಅಂತ ಸಿಟ್ಟು. ಆ ಅವಮಾನ ತಂದಿದ್ದು ಯಾರು ಅನ್ನುವುದು ಅವನಿಗೆ ಹೊಳೆಯುವುದಿಲ್ಲ. ಬ್ಯಾಂಕಿನ ಮೇಜಿನ ಮುಂದೆ ಬಂಗಾರ ಅಡವಿಡಲು ಕೂತ ಅವ್ವಂದಿರನ್ನು ನಾವು ಕಂಡಿಲ್ಲವೇ? ಪಕ್ಕದಲ್ಲಿ ಮಗ ನಿಂತಿರುತ್ತಾನೆ. ‘ಲಗೂ ಮಾಡ್ರೀ’ ಅಂತ ಗುಮಾಸ್ತರಿಗೆ ಅವಸರ ಮಾಡುತ್ತಿರುತ್ತಾನೆ.

ಅದೇ ದುಡ್ಡು ತೆಗೆದುಕೊಂಡು ಹೋಗಿ ಅವನು ಮತ್ತೆ ಆಡುತ್ತಾನೆ. ಆ ದೃಶ್ಯ ನೋಡಿದ ಮೇಲೆ ಲಾಸ್ ವೇಗಸ್‌ನ ಗೆಲುವಿನಲ್ಲಿ ನಮಗೆ ಪೂರ್ತಿ ಸಂತೋಷ ಪಡಲು ಆಗುವುದಿಲ್ಲ. ಪ್ರತಿ ನೋಟಿನ ಹಿಂದೆ ತಾಯಿಯ ಮುಖ ಇರುತ್ತದೆ.

ಜೆಸಿಕಾ ಲ್ಯಾಂಗ್ ಬಗ್ಗೆ ನನ್ನದು ದೂರಿಲ್ಲ. ಆ ತಾಯಿಯ ಸಿಟ್ಟು ನಿಜವಾದ ಸಿಟ್ಟು. ರೀಮೇಕಿನಲ್ಲಿ ಜೀವ ಇರುವ ಜಾಗ ಅದೊಂದೇ ಅಂದರೂ ನಡೆಯುತ್ತದೆ. ಆದರೆ ದುಡ್ಡು ಕೊಟ್ಟ ಮೇಲೆ ಸಿನಿಮಾ ಅವಳನ್ನು ಹೆಚ್ಚುಕಡಿಮೆ ಮರೆತುಬಿಡುತ್ತದೆ. ಅಜ್ಜನನ್ನೂ ನೋಡಿ. 1974ರಲ್ಲಿ ಅಜ್ಜ ಬದುಕಿದ್ದಾನೆ. ಏನೂ ಇಲ್ಲದೆ ಬಂದು, ಪೀಠೋಪಕರಣದ ವ್ಯಾಪಾರ ಕಟ್ಟಿ, ಮನೆತನ ನಿಲ್ಲಿಸಿದವನು. ಮೊಮ್ಮಗನಿಗೆ ಅವನ ಮುಂದೆ ನಿಲ್ಲಬೇಕಾದ ಪ್ರಸಂಗ ಬರುತ್ತದೆ. 2014ರಲ್ಲಿ ಮೊದಲ ದೃಶ್ಯದಲ್ಲೇ ಅಜ್ಜ ಹಾಸಿಗೆಯಲ್ಲಿ ತೀರಿಕೊಳ್ಳುತ್ತಾನೆ. ಜಾರ್ಜ್ ಕೆನೆಡಿಯಂಥ ನಟನನ್ನು ಕರೆಸಿ ಅಷ್ಟಕ್ಕೇ ಕಳಿಸಿದರು. ಜೂಜುಕೋರನ ಸುತ್ತ ಇರುವ ಮನೆಯನ್ನು ಹೀಗೆ ಒಬ್ಬೊಬ್ಬರನ್ನಾಗಿ ತೆಗೆದುಹಾಕಿದರು. ಉಳಿದಿದ್ದು ಅವನು, ಮೂವರು ಸಾಲಗಾರರು, ಪರದೆ ಮೇಲೆ ಕಡಿಮೆಯಾಗುತ್ತ ಹೋಗುವ ದಿನಗಳ ಲೆಕ್ಕ. ಇದು ಸಾಲ ತೀರಿಸುವ ಓಟದ ಕಥೆಯಾಯಿತು.

ಜಾನ್ ಗುಡ್‌ಮನ್ ಮಾತು ಎಲ್ಲರಿಗೂ ಹಿಡಿಸಿತು, ನನಗೂ ಹಿಡಿಸಿತು. ಬರಿಮೈಯಲ್ಲಿ ಕೂತು ಹೇಳುತ್ತಾನೆ. 25 ಲಕ್ಷ ಡಾಲರ್ ಕೈಗೆ ಬಂದರೆ 25 ವರ್ಷ ಬಾಳುವ ಮಾಡು ಇರುವ ಮನೆ ತಗೋ, ಕೆಡದಂಥ ಕಾರು ತಗೋ, ಉಳಿದಿದ್ದು ಬಡ್ಡಿಗೆ ಇಡು, ಯಾರ ಹಂಗೂ ಬೇಡ. ಒಳ್ಳೆಯ ಬುದ್ಧಿಮಾತು. ನಮ್ಮ ಮಾರವಾಡಿ ಸಾಹುಕಾರರೂ ಹೀಗೇ ಹೇಳುತ್ತಾರೆ. ಆದರೆ ಇದು ಯಾರಿಗೆ ಉಪಯೋಗ? ಜೂಜಿನ ರೋಗ ಇಲ್ಲದವನಿಗೆ. ಮೊದಲ ಸಿನಿಮಾದಲ್ಲಾಗಿದ್ದರೆ ಆಕ್ಸೆಲ್ ಇದನ್ನು ಕೇಳಿ ನಕ್ಕು, ಆ 25 ಲಕ್ಷವನ್ನೂ ಮರುದಿನ ಹಾಕಿ ಬರುತ್ತಿದ್ದ. ರೀಮೇಕ್ ಮಾತ್ರ ಈ ಮಾತನ್ನು ನಂಬಿತು.

ಕೊನೆಯ ದೃಶ್ಯಗಳನ್ನು ಪಕ್ಕಪಕ್ಕ ಇಡಿ. ಜಿಮ್ ಬೆನೆಟ್ ಎಲ್ಲರ ದುಡ್ಡನ್ನೂ ಒಟ್ಟು ಮಾಡಿ ರೂಲೆಟ್ ಚಕ್ರದ ಕಪ್ಪಿನ ಮೇಲೆ ಇಡುತ್ತಾನೆ. ಅಮೆರಿಕದ ಚಕ್ರದಲ್ಲಿ 38 ಮನೆ. ಕಪ್ಪು 18. ಅರ್ಧಕ್ಕಿಂತ ಕಡಿಮೆ ಅವಕಾಶ. ಕಪ್ಪೇ ಬರುತ್ತದೆ. ಎಲ್ಲರ ಸಾಲ ತೀರುತ್ತದೆ. ಮಿಕ್ಕ ದುಡ್ಡೂ ಬೇಡ ಅಂತ ಬಿಟ್ಟು, ರಾತ್ರಿ ಊರೆಲ್ಲ ಓಡಿಕೊಂಡು ಆ ವಿದ್ಯಾರ್ಥಿನಿಯ ಮನೆಗೆ ಬರುತ್ತಾನೆ. ಹಾಡು ಜೋರಾಗುತ್ತದೆ, ಸಿನಿಮಾ ಮುಗಿಯುತ್ತದೆ. ಒಂದೇ ಒಂದು ದೊಡ್ಡ ಗೆಲುವು, ಆಮೇಲೆ ಬಿಡುತ್ತೇನೆ ಅನ್ನುವುದು ಪ್ರತಿಯೊಬ್ಬ ಜೂಜುಕೋರ ಪ್ರತಿ ರಾತ್ರಿ ತನಗೆ ತಾನೇ ಹೇಳಿಕೊಳ್ಳುವ ಕಥೆ. ಅವನ ಆ ಕನಸನ್ನು ಸಿನಿಮಾ ನಿಜ ಅಂತ ತೋರಿಸಿತು. ನನಗೆ ಸಿಟ್ಟು ಬಂದಿದ್ದು ಅಲ್ಲಿ. ನಿರಾಸೆ ಅನ್ನುವ ಪದ ಸಾಲದು.

ಆಕ್ಸೆಲ್‌ಗೂ ಸಾಲ ತೀರುತ್ತದೆ, ಮರೆಯಬೇಡಿ. ವಿದ್ಯಾರ್ಥಿ ಆಟದಲ್ಲಿ ಕೈ ಬಿಡುತ್ತಾನೆ, ಲೆಕ್ಕ ಚುಕ್ತಾ ಆಗುತ್ತದೆ. ಈಗ ಅವನು ಸ್ವತಂತ್ರ. ಮನೆಗೆ ಹೋಗಬಹುದು. ಅವನು ಹಾರ್ಲೆಮ್ಮಿನ ಗಲ್ಲಿಗೆ ಹೋಗಿ, ಬೇಕಂತಲೇ ಚಾಕು ಹಿಡಿದವನ ಜೊತೆ ಜಗಳ ತೆಗೆಯುತ್ತಾನೆ. ಒಬ್ಬಳು ಅವನ ಕೆನ್ನೆ ಸೀಳುತ್ತಾಳೆ. ಕನ್ನಡಿಯಲ್ಲಿ ಆ ಗಾಯ ನೋಡಿಕೊಂಡು ನಗುತ್ತಾನೆ. ದುಡ್ಡು ಮುಗಿದ ಮೇಲೆ ಪಣಕ್ಕಿಡಲು ಮೈಯೊಂದೇ ಉಳಿದಿತ್ತು. ಹುಕ್ಕೇರಿಯ ಹೆಣ್ಣುಮಗಳು ಹೇಳಿದ್ದೂ ಇದನ್ನೇ ಅಲ್ವಾ?

ಈ ಕೊನೆಯಲ್ಲಿ ನನಗೆ ಒಗ್ಗದ್ದೂ ಇದೆ. ಬಿಳಿಯ ಮೇಷ್ಟ್ರು ತನ್ನನ್ನು ದಂಡಿಸಿಕೊಳ್ಳಲು ಕರಿಯರ ಕೇರಿಗೆ ಹೋಗಬೇಕು, ಅಲ್ಲಿನವರು ಅವನ ಶಿಕ್ಷೆಯ ಉಪಕರಣ ಆಗಬೇಕು ಅನ್ನುವುದು ಆ ಕಾಲದ ಅಮೆರಿಕದ ಸಣ್ಣತನ. ಆ ಹೆಂಗಸಿಗೆ ಒಂದು ಬಾಳು ಇದೆ ಅಂತ ಸಿನಿಮಾ ಯೋಚಿಸಲೇ ಇಲ್ಲ. ರೀಮೇಕ್ ಮಾಡುವವರು ಸರಿಪಡಿಸಬೇಕಾಗಿದ್ದು ಇದನ್ನು. ಅವರು ಇದರ ಜೊತೆ ಸತ್ಯವನ್ನೂ ತೆಗೆದುಹಾಕಿದರು.

ಮಹಾಭಾರತ ಕೇಳಿ ಬೆಳೆದವರಿಗೆ ಈ ಸತ್ಯ ಹೊಸದಲ್ಲ. ಧರ್ಮರಾಯ ಸೋತಿದ್ದು ಒಂದು ಸಲ ಅಲ್ಲ. ಮೊದಲ ಆಟದಲ್ಲಿ ರಾಜ್ಯ, ತಮ್ಮಂದಿರು, ದ್ರೌಪದಿ ಎಲ್ಲ ಹೋದ ಮೇಲೆ ಧೃತರಾಷ್ಟ್ರ ಎಲ್ಲವನ್ನೂ ಮರಳಿ ಕೊಟ್ಟು ಕಳಿಸುತ್ತಾನೆ. ಸಾಲ ಪೂರ್ತಿ ಮನ್ನಾ. ಇಂದ್ರಪ್ರಸ್ಥದ ದಾರಿಯಲ್ಲಿದ್ದಾಗ ಮತ್ತೆ ಕರೆ ಬರುತ್ತದೆ. ಅವನು ತಿರುಗುತ್ತಾನೆ. ವನವಾಸಕ್ಕೆ ಕಾರಣ ಈ ಎರಡನೇ ಆಟ. ಕ್ಷತ್ರಿಯ ಧರ್ಮ, ದೊಡ್ಡಪ್ಪನ ಮಾತು ಅಂತ ಕಾರಣ ಹೇಳುತ್ತೇವೆ. ಆಕ್ಸೆಲ್ ಹತ್ತಿರವೂ ಕಾರಣಗಳಿದ್ದವು.

ಹಾಗಾದರೆ ಜೂಜುಕೋರನ ಕಥೆ ಗೆಲುವಿನಲ್ಲಿ ಮುಗಿಯಲೇಬಾರದಾ, ಅವನು ಹಾಳಾಗಲೇಬೇಕಾ ಅಂತ ಚಹಾದ ಹೊತ್ತಿನಲ್ಲಿ ಒಬ್ಬ ಹುಡುಗಿ ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ದೊಸ್ತೊಯೆವ್‌ಸ್ಕಿ ಕಾದಂಬರಿಯ ಕೊನೆಯ ಪುಟ ತೆಗೆಯಿರಿ. ಅಲ್ಲೂ ಗೆಲುವೇ ಇದೆ. ಎಲ್ಲ ಸೋತು ಹೊರಗೆ ಬಂದವನಿಗೆ ಕಿಸೆಯಲ್ಲಿ ಒಂದು ಗುಲ್ಡನ್ ನಾಣ್ಯ ಸಿಗುತ್ತದೆ. ಊಟಕ್ಕಾಯಿತು ಅಂದುಕೊಂಡು ನಡೆಯುತ್ತಾನೆ. ಮನಸ್ಸು ಬದಲಾಗುತ್ತದೆ, ತಿರುಗಿ ಹೋಗಿ ಅದನ್ನೇ ಹಾಕುತ್ತಾನೆ. 170 ಗುಲ್ಡನ್ ಗೆದ್ದು ಬರುತ್ತಾನೆ. ಅದನ್ನು ನೆನೆಯುತ್ತ, ನಾಳೆ ಎಲ್ಲ ಮುಗಿಯುತ್ತದೆ ಅನ್ನುತ್ತಾನೆ. ಓದುವ ನಮಗೆ ಎದೆ ಒಡೆಯುತ್ತದೆ, ಯಾಕೆಂದರೆ ಆ ಗೆಲುವೇ ಅವನನ್ನು ಇನ್ನೂ ಬಿಗಿಯಾಗಿ ಕಟ್ಟಿಹಾಕಿದೆ. ಆದ್ದರಿಂದ ನನ್ನ ತಕರಾರು ಜಿಮ್ ಬೆನೆಟ್ ಗೆದ್ದ ಅಂತಲ್ಲ. ಆ ಗೆಲುವನ್ನು ಸಿನಿಮಾ ಬಿಡುಗಡೆ ಅಂತ ನಂಬಿತಲ್ಲ, ಅದು.

ಇನ್ನು ಬಿಡುಗಡೆ ಇಲ್ಲವೇ? ಇದೆ. ದೊಸ್ತೊಯೆವ್‌ಸ್ಕಿಯೇ ಬಿಟ್ಟ. 1871ರಲ್ಲಿ, ಜರ್ಮನಿಯ ವೀಸ್‌ಬಾಡೆನ್‌ನಲ್ಲಿ. ಗೆದ್ದು ಬಿಡಲಿಲ್ಲ, ಸೋತು ಬಿಟ್ಟ. ಹೆಂಡತಿಗೆ ಕಾಗದ ಬರೆದ, ಮತ್ತೆ ಆ ಟೇಬಲ್ ಹತ್ತಿರ ಹೋಗಲಿಲ್ಲ. ಅಷ್ಟರಲ್ಲಿ ಅನ್ನಾ ತನ್ನ ಒಡವೆ ಎಲ್ಲ ಅಡವಿಟ್ಟಿದ್ದಳು, ಮದುವೆಯ ಉಂಗುರವನ್ನೂ ಬಿಟ್ಟಿರಲಿಲ್ಲ. ರಷ್ಯಾಕ್ಕೆ ಮರಳಿದ ಮೇಲೆ ಮನೆಯ ಲೆಕ್ಕ ಅವಳೇ ಹಿಡಿದಳು. ಸಾಲಗಾರರ ಜೊತೆ ಅವಳೇ ಮಾತಾಡಿದಳು. 1873ರಲ್ಲಿ ಗಂಡನ ಕಾದಂಬರಿಯನ್ನು ತಾನೇ ಅಚ್ಚು ಹಾಕಿಸಿ ಮಾರಿದಳು. ವರ್ಷಗಟ್ಟಲೆ ಹೀಗೆ. ಇದರ ಸಿನಿಮಾ ಯಾಕೆ ಆಗಬಾರದು? ಚಕ್ರ ತಿರುಗುವುದಕ್ಕಿಂತ ನೋಡಲಿಕ್ಕೆ ಇದರಲ್ಲಿ ಜಾಸ್ತಿ ಇದೆ.

ನಮ್ಮಲ್ಲಿ ಸಿನಿಮಾ ಮಾಡುವ ಆಸೆ ಇರುವ ಹುಡುಗರು ನಾಲ್ಕಾರು ಜನ ಮುಂದೆ ಕೂತಿದ್ದೀರಿ. ‘ದಿ ಗ್ಯಾಂಬ್ಲರ್’ ಕಥೆಯನ್ನು ಮೂರನೇ ಸಲ, ಕನ್ನಡದಲ್ಲಿ, ಬೆಳಗಾವಿಯಲ್ಲಿ ಯಾರಾದರೂ ಮಾಡಿದರೆ ನನ್ನ ಬೇಡಿಕೆ ಒಂದೇ. ಕ್ಯಾಸಿನೊದಿಂದ ಶುರು ಮಾಡಬೇಡಿ. ಹೊಲ ಮಾರಿದ ದಿನದಿಂದ ಶುರು ಮಾಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಅಣ್ಣತಮ್ಮಂದಿರು ಹೊರಗೆ ಬರಲಿ, ಸಾಲಗಾರರಿಗೆಲ್ಲ ಎಣಿಸಿ ಕೊಡಲಿ, ಎಲ್ಲರೂ ಕೂತು ಊಟ ಮಾಡಲಿ. ಮರುದಿನ ಬೆಳಿಗ್ಗೆ ಅವನು ಎದ್ದು ಏನು ಮಾಡುತ್ತಾನೆ, ಅವನ ಹೆಂಡತಿ ಅವನ ಫೋನು ಎಲ್ಲಿಡುತ್ತಾಳೆ, ಅದನ್ನು ತೋರಿಸಿ.